ನಿಮ್ ಹುಲಿ, ನಮ್ ಹಸ

ಸಿಂಹಕ್ಕೂ ಹುಲಿಗೂ ಜಗಳ ಬಿದ್ದರೆ ಗೆಲ್ಲೋರು ಯಾರು? ಮಕ್ಕಳಿರೋ ಮನೆಯಲ್ಲಿ ಈ ಪ್ರಶ್ನೆ ಒಮ್ಮೆಯಾದರೂ ಬಂದಿರುತ್ತೆ. ದೊಡ್ಡವರೂ ಕಮ್ಮಿ ಇಲ್ಲ. ಟೀ ಅಂಗಡಿ ಮುಂದೆ ನಿಂತು ಹುಲಿ ಪಾರ್ಟಿ, ಸಿಂಹದ ಪಾರ್ಟಿ ಅಂತ ಎರಡಾಗಿ ವಾದ ಮಾಡೋರನ್ನ ನಾನೇ ನೋಡಿದ್ದೀನಿ. ಹುಲಿಯ ತೂಕ ಜಾಸ್ತಿ ಅಂತ ಒಬ್ಬರು, ಸಿಂಹಕ್ಕೆ ಕೇಸರ ಇರೋದರಿಂದ ಕುತ್ತಿಗೆಗೆ ಬಾಯಿ ಹಾಕಕ್ಕೇ ಆಗಲ್ಲ ಅಂತ ಇನ್ನೊಬ್ಬರು. ಈ ವಾದ ಯಾವತ್ತೂ ತೀರ್ಮಾನ ಆಗೋದಿಲ್ಲ. ಯಾಕಂದ್ರೆ ಕಾಡು ಸಿಂಹ, ಕಾಡು ಹುಲಿ ಎರಡೂ ಒಟ್ಟಿಗೆ ಬದುಕ್ತಿರೋ ಕಾಡು ಇವತ್ತು ಜಗತ್ತಿನಲ್ಲಿ ಎಲ್ಲೂ ಇಲ್ಲ. ಎರಡನ್ನೂ ಉಳಿಸಿಕೊಂಡಿರೋ ದೇಶ ಮಾತ್ರ ಒಂದೇ, ಅದು ನಮ್ಮದು. ಅಲ್ಲೂ ಸಿಂಹದ ಜಾಗ ಬೇರೆ, ಹುಲಿಯ ಜಾಗ ಬೇರೆ. ಬೆಂಗಳೂರಿನವರು ಎರಡನ್ನೂ ಒಂದೇ ಮಧ್ಯಾಹ್ನ ನೋಡಬೇಕಂದ್ರೆ ಬನ್ನೇರುಘಟ್ಟದ ಸಫಾರಿ ಬಸ್ಸು ಹತ್ತಬೇಕು. ಅಲ್ಲಿ ಎರಡರ ಮಧ್ಯೆ ಬೇಲಿ ಇದೆ.

ಯಾರು ಗೆಲ್ತಾರೆ ಅನ್ನೋದಕ್ಕಿಂತ ನನ್ನನ್ನ ಕಾಡೋ ಪ್ರಶ್ನೆ ಬೇರೆ. ಇವೆರಡನ್ನೂ ಉಳಿಸಿದ್ದು ಯಾರು? ಯಾವ ಮನಸ್ಸಿನಿಂದ ಉಳಿಸಿದರು? ಅದರ ಖರ್ಚು ಯಾರ ತಲೆ ಮೇಲೆ ಬಿತ್ತು?

ಮೊದಲು ಅಂಕಿ ಹೇಳಿಬಿಡ್ತೀನಿ, ಲೆಕ್ಕ ಬರೆಯೋದೇ ನನ್ನ ಕಸುಬು. 2006ರ ಅಂದಾಜಿನಲ್ಲಿ ಇಡೀ ದೇಶಕ್ಕೆ ಸಿಕ್ಕಿದ್ದು 1,411 ಹುಲಿ. 2022ರ ಹೊತ್ತಿಗೆ ಅದು 3,682. ಇದರಲ್ಲಿ ಕರ್ನಾಟಕದ ಪಾಲು 290ರಿಂದ 563ಕ್ಕೆ ಏರಿತು. 785 ಹುಲಿ ಇರೋ ಮಧ್ಯಪ್ರದೇಶ ಮೊದಲನೇದು, ನಾವು ಎರಡನೇದು. ಇನ್ನು ಏಷ್ಯಾದ ಸಿಂಹ. ಒಂದು ಕಾಲಕ್ಕೆ ಪರ್ಷಿಯಾದಿಂದ ಬಿಹಾರದವರೆಗೆ ಹರಡಿಕೊಂಡಿದ್ದ ಈ ಪ್ರಾಣಿ ಇಪ್ಪತ್ತನೇ ಶತಮಾನ ಶುರುವಾಗೋ ಹೊತ್ತಿಗೆ ಗಿರ್ ಕಾಡಿನಲ್ಲಿ ಕೆಲವೇ ಡಜನ್ ಉಳಿದಿತ್ತು. 2015ರಲ್ಲಿ 523, 2020ರಲ್ಲಿ 674, 2025ರ ಮೇ ತಿಂಗಳ ಎಣಿಕೆಯಲ್ಲಿ 891. ಎರಡೂ ಗೆಲುವಿನ ಕತೆಗಳೇ. ಹೆಮ್ಮೆ ಪಡೋದರಲ್ಲಿ ತಪ್ಪಿಲ್ಲ.

ಆದರೆ ಜಮೆಯ ಕಾಲಂ ಮಾತ್ರ ತೋರಿಸಿ ಖರ್ಚಿನ ಕಾಲಂ ಮುಚ್ಚಿಟ್ಟ ಪುಸ್ತಕವನ್ನ ನನ್ನಂಥವರು ಸುಲಭಕ್ಕೆ ಒಪ್ಪೋದಿಲ್ಲ.

ನಾನಿರೋದು ಕಾಮಾಕ್ಷಿಪಾಳ್ಯದಲ್ಲಿ. ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ನಮ್ಮಲ್ಲಿ ಹಕ್ಕಿ ಸದ್ದಿಗಿಂತ ಲೇತ್ ಸದ್ದು ಜಾಸ್ತಿ. ಸಾಲಾಗಿ ಶೆಡ್ಡುಗಳು, ಒಂದರಲ್ಲಿ ಪ್ರೆಸ್ಸು, ಒಂದರಲ್ಲಿ ಗ್ರೈಂಡಿಂಗು. ಕೆಲಸ ಮಾಡೋರು ಎಲ್ಲೆಲ್ಲಿಂದಲೋ ಬಂದೋರು. ನಾನು ಲೆಕ್ಕ ಬರೆಯೋ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸೋ ಹಿರಿಯರೊಬ್ಬರಿದ್ದಾರೆ. ಹನೂರು ತಾಲ್ಲೂಕಿನ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷದ ಮೇಲಾದರೂ ಊರಿನ ಮಾತು ಬಿಟ್ಟಿಲ್ಲ, ಊರಲ್ಲಿ ದನ ಕಟ್ಟೋದನ್ನ ಅಣ್ಣತಮ್ಮಂದಿರೂ ಬಿಟ್ಟಿಲ್ಲ.

2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ, ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿ ಸತ್ತು ಬಿದ್ದಿದ್ದ ಸುದ್ದಿ ನಿಮಗೆಲ್ಲ ನೆನಪಿರಬೇಕು. ಹುಲಿ ಒಂದು ಹಸುವನ್ನ ಕೊಂದಿತ್ತು. ಆ ಹಸುವಿನ ದೇಹಕ್ಕೇ ವಿಷ ಹಾಕಿದ್ದರು. ಮತ್ತೆ ತಿನ್ನೋಕೆ ಬಂದ ತಾಯಿ, ಮರಿ ಎಲ್ಲ ಸತ್ತವು. ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಆ ಫೋಟೋಗಳು ಎರಡು ದಿನ ಓಡಾಡಿದವು. ದೀಪದ ಚಿತ್ರ, ಅಳೋ ಮುಖ, ಅಂಥವರನ್ನ ಗಲ್ಲಿಗೆ ಹಾಕ್ಬೇಕು ಅನ್ನೋ ಮಾತು. ಊಟದ ಹೊತ್ತಿನಲ್ಲಿ ನಾನು ಈ ವಿಷಯ ತೆಗೆದಾಗ ಆ ಹಿರಿಯರು ಕೈ ಒರೆಸಿಕೊಳ್ತಾ ಅಂದರು:

“ಇಸ ಇಕ್ಕಿದ್ದು ತಪ್ಪೇ ಸಾ. ಮರಿಗಳು ಏನ್ ಮಾಡಿದ್ದೋ, ಪಾಪ. ಆದ್ರ ಒಂದ್ ಕೇಳ್ತೀನಿ. ನಿಮ್ ಹುಲಿ ನಮ್ ಹಸ ತಿಂದಾಗ ಒಬ್ರಾದ್ರೂ ಫೋಟೋ ಹಾಕಿದ್ರಾ?”

“ಹುಲಿ ನಂದು ಹೆಂಗಾಯ್ತು ಅಣ್ಣ? ನಿಮ್ಮೂರ ಕಾಡಿಂದಲ್ವಾ?”

“ನಮ್ದಾಗಿದ್ರೆ ನಮ್ಮುನ್ನ ಒಂದ್ ಮಾತ್ ಕೇಳೋರು.”

ಅಷ್ಟು ಹೇಳಿ ಅವರು ಕೆಲಸಕ್ಕೆ ಹೋದರು. ನನ್ನ ತಲೆಯಲ್ಲಿ ಉಳಿದಿದ್ದು ಆ ಒಂದು ಪದ, “ನಿಮ್”. ಹುಲಿ ಯಾವತ್ತೂ ಕಾಲಿಡದ ಕಾಮಾಕ್ಷಿಪಾಳ್ಯದ ಲೆಕ್ಕದ ಗುಮಾಸ್ತನಿಗೆ ಹುಲಿ “ನಿಮ್ದು”. ಹುಲಿ ಇರೋ ಕಾಡಿನ ಅಂಚಿನಲ್ಲಿ ಹುಟ್ಟಿದವರಿಗೆ ಅದು “ನಮ್ದಲ್ಲ”. ಹಾಗಾದರೆ ಒಂದು ಕಾಡುಪ್ರಾಣಿಯನ್ನ ನಮ್ಮದು ಅನ್ನೋ ಹಕ್ಕು ಯಾರಿಗಿದೆ? ಆ ಹಕ್ಕು ಎಲ್ಲಿಂದ ಹುಟ್ಟುತ್ತೆ?

ಇಲ್ಲೇ ಸಿಂಹವನ್ನೂ ಹುಲಿಯನ್ನೂ ಪಕ್ಕಪಕ್ಕ ಇಟ್ಟು ನೋಡೋದು ಉಪಯೋಗಕ್ಕೆ ಬರುತ್ತೆ.

ಸಿಂಹ ಬಯಲಿನ ಪ್ರಾಣಿ. ಕುರುಚಲು ಕಾಡು, ಹುಲ್ಲುಗಾವಲು ಅದರ ಮನೆ. ಗುಂಪಾಗಿ ಬದುಕುತ್ತೆ, ಹಗಲು ಹೊತ್ತು ಮರದ ಕೆಳಗೆ ಎಲ್ಲರಿಗೂ ಕಾಣೋ ಹಾಗೆ ಬಿದ್ದುಕೊಂಡಿರುತ್ತೆ. ಸೌರಾಷ್ಟ್ರದ ಹಳ್ಳಿಯವರು ಅದನ್ನ ಸಾವಜ್ ಅಂತಾರೆ. 2025ರ ಎಣಿಕೆಯಲ್ಲಿ ಸಿಕ್ಕ ಸಿಂಹಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದ್ದಿದ್ದು ರಕ್ಷಿತ ಕಾಡಿನ ಹೊರಗೆ, ಅಂದ್ರೆ ಹೊಲ, ಗೋಮಾಳ, ನದಿ ದಂಡೆ, ಕರಾವಳಿಯಲ್ಲಿ. ರೈತ ರಾತ್ರಿ ನೀರು ಕಟ್ಟೋಕೆ ಹೋದರೆ ಅಲ್ಲೊಂದು ಸಿಂಹ ಕೂತಿರಬಹುದು. ಬೆಳೆ ಹಾಳು ಮಾಡೋ ನೀಲ್‌ಗಾಯ್, ಹಂದಿಯನ್ನ ಅದು ಹಿಡಿಯುತ್ತೆ ಅನ್ನೋ ಸಮಾಧಾನವೂ ರೈತನಿಗಿದೆ. ಗಿರ್ ಕಾಡಿನೊಳಗೆ ಎಮ್ಮೆ ಸಾಕೋ ಮಾಲ್ಧಾರಿಗಳು ತಲೆಮಾರಿನಿಂದ ಸಿಂಹಕ್ಕೆ ಒಂದಷ್ಟು ಎಮ್ಮೆ ಬಿಟ್ಟುಕೊಟ್ಟೇ ಬದುಕಿದ್ದಾರೆ. ಜುನಾಗಢದ ನವಾಬರು ಬೇಟೆ ನಿಲ್ಲಿಸಿದ್ದು ಮೊದಲ ಹೆಜ್ಜೆ, ನಿಜ. ಆದರೆ ನವಾಬಗಿರಿ ಹೋದ ಮೇಲೂ ಸಿಂಹ ಉಳಿದಿದೆ ಅಂದ್ರೆ ಅಲ್ಲಿನ ಜನ ಅದನ್ನ ನಮ್ಮದು ಅಂದುಕೊಂಡಿದ್ದೂ ಒಂದು ಕಾರಣ. ಕಣ್ಣಿಗೆ ಕಾಣೋ ಪ್ರಾಣಿ ನಿಧಾನಕ್ಕೆ ನೆರೆಯವನಾಗುತ್ತೆ.

ಹುಲಿ ಹಾಗಲ್ಲ. ಒಂಟಿ ಪ್ರಾಣಿ, ದಟ್ಟ ಕಾಡು, ರಾತ್ರಿ ಓಡಾಟ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಕಟ್ಟಿ ಹುಲಿ ಎಣಿಸೋ ಕ್ರಮ ಶುರು ಮಾಡಿದ್ದಕ್ಕೆ ಕಾರಣವೂ ಇದೇ. ಹುಲಿ ಕಣ್ಣಿಗೆ ಸಿಗೋದಿಲ್ಲ, ಆದರೆ ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ವಿಜ್ಞಾನಿಗೆ ಫೋಟೋದಲ್ಲಿ ಪಟ್ಟೆ ಸಿಗುತ್ತೆ. ಹಳ್ಳಿಯವನಿಗೆ ಸಿಗೋದು ಕೆಸರಲ್ಲಿ ಹೆಜ್ಜೆ ಗುರುತು, ಬೆಳಗ್ಗೆ ಅರ್ಧ ತಿಂದ ಕರು. ಮುಖವನ್ನೇ ನೋಡದೆ, ಬರೀ ನಷ್ಟದ ಮೂಲಕ ಗೊತ್ತಿರೋ ನೆರೆಯವನನ್ನ ಪ್ರೀತಿಸೋದು ಯಾರಿಗಾದರೂ ಕಷ್ಟ. ಸಿಂಹದ ಊರಿನವರು ಒಳ್ಳೆಯವರು, ಹುಲಿಯ ಊರಿನವರು ಕೆಟ್ಟವರು ಅಂತ ಮಾತಾಡೋರಿಗೆ ನಾನು ಮೊದಲು ಹೇಳೋದು ಇದನ್ನೇ. ಎರಡು ಪ್ರಾಣಿಗಳ ಸ್ವಭಾವವೇ ಎರಡು ಥರದ ನೆಂಟಸ್ತನ ಕೇಳುತ್ತೆ.

ಅದಕ್ಕೇ ಹುಲಿ ಉಳಿದ ದಾರಿಯೂ ಬೇರೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷ ರಾಷ್ಟ್ರೀಯ ಪ್ರಾಣಿಯ ಪಟ್ಟ ಸಿಂಹದಿಂದ ಹುಲಿಗೆ ಹೋಯಿತು. 1973ರ ಏಪ್ರಿಲ್ 1ಕ್ಕೆ ಹುಲಿ ಯೋಜನೆ ಶುರುವಾದಾಗ ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಇವತ್ತು ಕರ್ನಾಟಕದಲ್ಲಿ ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ ಅಂತ ಐದು ಹುಲಿ ಮೀಸಲುಗಳಿವೆ. ಎಲ್ಲ ದೆಹಲಿಯ ಕಾನೂನು, ಬೆಂಗಳೂರಿನ ಆದೇಶ, ಇಲಾಖೆಯ ಬಂದೋಬಸ್ತಿನಿಂದ ಆಗಿದ್ದು. ಹುಲಿ ದೇಶದ್ದಾಯಿತು. ಇದರಿಂದ ದೊಡ್ಡ ಲಾಭವೂ ಆಗಿದೆ. ರಾಜಸ್ಥಾನದ ಸಾರಿಸ್ಕಾದಲ್ಲಿ 2005ರ ಹೊತ್ತಿಗೆ ಒಂದು ಹುಲಿಯೂ ಉಳಿದಿಲ್ಲ ಅಂತ ಗೊತ್ತಾದಾಗ, 2008ರಲ್ಲಿ ರಣಥಂಬೋರಿನಿಂದ ಹುಲಿ ತಂದು ಬಿಟ್ಟರು. ಒಂದು ಕಡೆ ಹೋದರೆ ಇನ್ನೊಂದು ಕಡೆಯಿಂದ ತುಂಬಬಹುದು, ಯಾಕಂದ್ರೆ ಹುಲಿ ಹಲವು ಕಡೆ ಹಂಚಿಹೋಗಿದೆ.

ಸಿಂಹಕ್ಕೆ ಈ ಅನುಕೂಲ ಇಲ್ಲ. ನಮ್ಮದು ಅನ್ನೋ ಮಾತಿನ ಇನ್ನೊಂದು ಮುಖ ಕಾಣೋದು ಇಲ್ಲಿ.

ಎಲ್ಲ ಸಿಂಹಗಳೂ ಒಂದೇ ಭಾಗದಲ್ಲಿದ್ದರೆ ಒಂದು ರೋಗ ಸಾಕು ಅಂತ ವಿಜ್ಞಾನಿಗಳು ಮೂರು ದಶಕದಿಂದ ಹೇಳ್ತಾ ಬಂದಿದ್ದಾರೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ನಾಯಿಗಳಿಗೆ ಬರೋ ಡಿಸ್ಟೆಂಪರ್ ವೈರಸ್ಸು ಸಿಂಹಗಳಿಗೆ ಹರಡಿ, ಅಲ್ಲಿನ ಸಿಂಹಗಳಲ್ಲಿ ಮೂರರಲ್ಲೊಂದು ಪಾಲು ಹೋಯಿತು. ಅದೇ ವೈರಸ್ಸು 2018ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಗಿರ್‌ಗೂ ಬಂತು. ಕೆಲವೇ ವಾರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತವು. ಇಂಥದ್ದು ಆಗಬಾರದು ಅಂತಲೇ ಮಧ್ಯಪ್ರದೇಶದ ಕುನೋದಲ್ಲಿ ಸಿಂಹಕ್ಕೆ ಎರಡನೇ ಮನೆ ಸಿದ್ಧವಾಗಿತ್ತು. ಆ ಮನೆಗೋಸ್ಕರ ಅಲ್ಲಿಂದ ಎಬ್ಬಿಸಿದ್ದು 24 ಹಳ್ಳಿಗಳನ್ನ. ಹೆಚ್ಚಿನವರು ಸಹರಿಯಾ ಆದಿವಾಸಿಗಳು. ಗುಜರಾತ್ ಸಿಂಹ ಕೊಡೋಕೆ ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2013ರ ಏಪ್ರಿಲ್ 15ರಂದು ತೀರ್ಪು ಬಂತು: ಆರು ತಿಂಗಳಲ್ಲಿ ಸಿಂಹ ಕಳಿಸಿ. ಸಿಂಹ ನಮ್ಮ ಕುಟುಂಬದವರ ಹಾಗೆ ಅನ್ನೋ ಗುಜರಾತಿನ ಭಾವನೆಯನ್ನ ನ್ಯಾಯಾಲಯ ತೂಗಿ ನೋಡಿತು. ಅದು ಕುಟುಂಬದ ಸದಸ್ಯನೋ, ಒಂದು ರಾಜ್ಯದ ಹೆಮ್ಮೆಯೋ ಅನ್ನೋದು ಮುಖ್ಯ ಅಲ್ಲ, ಆ ಜೀವಸಂಕುಲ ಉಳಿಯೋದು ಮುಖ್ಯ ಅನ್ನೋ ಅರ್ಥದಲ್ಲಿ ಹೇಳಿತು. ಮನುಷ್ಯನ ಅನುಕೂಲವನ್ನ ನಡುವೆ ಇಟ್ಟುಕೊಂಡು ಲೆಕ್ಕ ಹಾಕೋದು ಬೇಡ ಅಂತಲೂ ಹೇಳಿತು.

ತೀರ್ಪು ಬಂದು ಹನ್ನೆರಡು ವರ್ಷ ದಾಟಿದೆ. ಕುನೋಗೆ ಒಂದು ಸಿಂಹವೂ ಹೋಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಆಫ್ರಿಕಾದಿಂದ ಚೀತಾ ಬಂದವು. ಸಿಂಹಕ್ಕೆ ಎರಡನೇ ಮನೆ ಅಂತ ಗುಜರಾತು ತನ್ನೊಳಗೇ, ಪೋರಬಂದರಿನ ಹತ್ತಿರದ ಬರ್ಡಾ ಕಾಡನ್ನ ತೋರಿಸಿತು. ಸಿಂಹ ಬರುತ್ತೆ ಅಂತ ಊರು ಬಿಟ್ಟ ಆ 24 ಹಳ್ಳಿಯವರನ್ನ ನೆನೆಸಿಕೊಳ್ಳಿ. ಅವರು ಕೊಟ್ಟಿದ್ದು ಯಾವುದಕ್ಕೆ ಅಂತ ಯಾರು ಹೇಳ್ತಾರೆ?

ಸಿಂಹವನ್ನ ಕಾಪಾಡಿದ್ದು ನಮ್ಮದು ಅನ್ನೋ ಪ್ರೀತಿ. ಇವತ್ತು ಸಿಂಹಕ್ಕೆ ಅಪಾಯ ತಂದಿಟ್ಟಿರೋದು ನಮ್ಮದು ಮಾತ್ರ ಅನ್ನೋ ಹಟ. ಎರಡರ ನಡುವೆ ಇರೋದು ಒಂದು ಪದದ ವ್ಯತ್ಯಾಸ. ನಾವು ಕನ್ನಡಿಗರು ಗುಜರಾತಿನವರನ್ನ ಬೈದು ಸುಮ್ಮನಾಗೋ ಹಾಗಿಲ್ಲ. ಗಣತಿ ವರದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಮೊದಲು ಕಾಣೋದು ಏನು? ಮಧ್ಯಪ್ರದೇಶ ಎಷ್ಟು, ನಾವೆಷ್ಟು. 2018ರಲ್ಲಿ ಅವರು 526, ನಾವು 524. ಎರಡೇ ಹುಲಿಯಲ್ಲಿ ಮೊದಲ ಸ್ಥಾನ ತಪ್ಪಿತು ಅಂತ ಕ್ರಿಕೆಟ್ ಮ್ಯಾಚ್ ಸೋತವರ ಹಾಗೆ ಕೊರಗಿದ್ದು ನೆನಪಿದೆಯಾ? ಆ ಸ್ಕೋರಿನಲ್ಲಿ ಹನೂರಿನ ಹಸು ಇರಲಿಲ್ಲ, ಸರಗೂರಿನ ರೈತ ಇರಲಿಲ್ಲ.

ಹುಲಿಯ ಜೊತೆ ನಮ್ಮ ಭಾಷೆಯ ಸಂಬಂಧವೇ ಒಂಥರಾ ಗೋಜಲು. ಹೊಯ್ಸಳರ ಲಾಂಛನ ನೋಡಿ. ಕತೆಯಲ್ಲಿ ಸಳ ಹೊಡೆದಿದ್ದು ಹುಲಿಯನ್ನ. ಬೇಲೂರಿನ ಕಲ್ಲಿನಲ್ಲಿ ಅವನ ಎದುರಿಗೆ ನಿಂತಿರೋದು ನೋಡಿದರೆ ಸಿಂಹದ ಹಾಗಿದೆ. ಮಲೆನಾಡಿನ ಕಾಡಿನಲ್ಲಿ ಓಡಾಡ್ತಿದ್ದಿದ್ದು ಹುಲಿ. ಆದರೆ ಕಲ್ಲಿನಲ್ಲಿ, ಸಿಂಹಾಸನದಲ್ಲಿ, ನರಸಿಂಹ ಅನ್ನೋ ಹೆಸರಿನಲ್ಲಿ ಮರ್ಯಾದೆ ಪಡೆದಿದ್ದು ನಾವು ಕಾಣದ ಸಿಂಹ. ದೂರದ ಪ್ರಾಣಿಗೆ ಗೌರವ ಕೊಡೋದು ಸುಲಭ ಅನ್ನೋದಕ್ಕೆ ಇದಕ್ಕಿಂತ ಹಳೇ ಸಾಕ್ಷಿ ಬೇಕಾ?

ಇನ್ನು ಗೋವಿನ ಹಾಡು. ಕನ್ನಡದ ಮಕ್ಕಳಿಗೆ ಸತ್ಯ ಅಂದ್ರೇನು ಅಂತ ಕಲಿಸಿದ್ದೇ ಆ ಪುಣ್ಯಕೋಟಿ. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಹತ್ತಿರ ವಾಪಸ್ ಬಂದ ಹಸು. ಅದನ್ನ ನೋಡಿ ಮನಸ್ಸು ಕರಗಿದ ಹುಲಿ ಏನು ಮಾಡುತ್ತೆ? ಪ್ರಾಣ ಬಿಡುತ್ತೆ. ನಾವು ಅಳೋದು ಹಸುವಿಗಾಗಿ, ಮೆಚ್ಚೋದು ಸತ್ತ ಹುಲಿಯನ್ನ. ಆ ಹಾಡು ದೊಡ್ಡದು, ನಾನು ಅದರಲ್ಲಿ ಕೊರತೆ ಹುಡುಕ್ತಿಲ್ಲ. ಆದರೆ ಹಸಿದ ಹುಲಿ ಬದುಕಿದ್ದೂ ಒಳ್ಳೇದಾಗಿರೋ ದಾರಿಯನ್ನ ಆ ಕತೆ ನಮಗೆ ತೋರಿಸಲಿಲ್ಲ. ನಿಜವಾದ ಹುಲಿಗೆ ಪಶ್ಚಾತ್ತಾಪ ಇಲ್ಲ. ಅದು ತಿಂದೇ ತಿನ್ನುತ್ತೆ. ತಿನ್ನೋದು ಅದರ ತಪ್ಪೂ ಅಲ್ಲ. ಹಾಗಾಗಿ ಧರ್ಮಸಂಕಟ ಪೂರ್ತಿ ಮನುಷ್ಯರ ಪಾಲಿಗೇ ಬರುತ್ತೆ.

ಇದನ್ನ ಬೇರೆ ಥರ ಕಂಡಿದ್ದು ಮಾದಪ್ಪನ ಕತೆ. ಮಲೆ ಮಹದೇಶ್ವರ ಹುಲಿಯನ್ನ ಕೊಲ್ಲಲಿಲ್ಲ, ಅದರ ಮೇಲೆ ಕೂತ. ಕಂಸಾಳೆಯವರು ಹಾಡೋ ಆ ದೇವರ ಬೆಟ್ಟಕ್ಕೆ ಬೆಂಗಳೂರಿನಿಂದ ಕಾಲ್ನಡಿಗೆಯಲ್ಲಿ ಹೋಗೋ ಭಕ್ತರಿದ್ದಾರೆ. ಅದೇ ಬೆಟ್ಟದ ಕಾಡಿನಲ್ಲಿ ಐದು ಹುಲಿಗೆ ವಿಷ ಬಿತ್ತು. ಭಕ್ತಿ ಇದ್ದರೆ ಸಾಕು, ನಮ್ಮ ಸಂಸ್ಕೃತಿಯೇ ಕಾಡು ಉಳಿಸುತ್ತೆ ಅನ್ನೋರಿಗೆ ಇದು ಯೋಚನೆ ಮಾಡಬೇಕಾದ ವಿಷಯ. ದೇವರ ವಾಹನ ಅಂತ ಕೈ ಮುಗಿಯೋ ಮನುಷ್ಯನೇ, ಕೊಟ್ಟಿಗೆ ಖಾಲಿಯಾದ ದಿನ ಇನ್ನೊಬ್ಬ ಆಗಿಬಿಡ್ತಾನೆ. ಆ ಸಮಯದಲ್ಲೇ ಇನ್ನೊಂದು ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ಕಾಡು ಕಾಯೋ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲವಂತೆ. ಹುಲಿ ನಮ್ಮದು ಅನ್ನೋ ರಾಜ್ಯ, ಹುಲಿ ಕಾಯೋನ ಸಂಬಳ ಕೊಡೋದನ್ನ ಮರೆತಿತ್ತು.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನವರಾದ ನಾವು ಹುಲಿ-ಚಿರತೆಯ ಖರ್ಚನ್ನ ಯಾವತ್ತೂ ಹೊತ್ತಿಲ್ಲ ಅಂತೇನಲ್ಲ. ಕೆನೆತ್ ಆಂಡರ್‌ಸನ್ ಬರೆದ ಕತೆಗಳನ್ನ ತೇಜಸ್ವಿ ಕನ್ನಡಕ್ಕೆ ತಂದಿದ್ದು ನೀವೂ ಓದಿರ್ತೀರಿ. ಆಂಡರ್‌ಸನ್ನರ ಬರಹದಲ್ಲಿ ಜಾಲಹಳ್ಳಿಯ ಚಿರತೆ ಇದೆ, ತುಮಕೂರಿನ ಹತ್ತಿರದ ದೇವರಾಯನದುರ್ಗದ ಹುಲಿ ಇದೆ. ಇವತ್ತು ಜಾಲಹಳ್ಳಿಗೆ ಮೆಟ್ರೋ ಹೋಗುತ್ತೆ. ನಮ್ಮ ಹಿಂದಿನವರು ತಮ್ಮ ಖರ್ಚನ್ನ ಬಂದೂಕಿನಿಂದ, ಗರಗಸದಿಂದ ತೀರಿಸಿಕೊಂಡುಬಿಟ್ಟರು. ಆ ನೆಲದ ಮೇಲೆ ಮನೆ ಕಟ್ಟಿಕೊಂಡಿರೋ ನಾವು ಈಗ ಹನೂರಿನವರಿಗೆ, ಸರಗೂರಿನವರಿಗೆ ಹೇಳ್ತೀವಿ: ನೀವು ಮಾತ್ರ ತೀರಿಸಿಕೊಳ್ಳಬೇಡಿ, ಸಹಿಸಿಕೊಳ್ಳಿ. ತುರಹಳ್ಳಿ ಕಾಡಿನ ಹತ್ತಿರ ಒಂದು ಚಿರತೆ ಕಂಡರೆ ಕೆಂಗೇರಿಯಿಂದ ಬನಶಂಕರಿವರೆಗೆ ಬಾಗಿಲು ಹಾಕಿಕೊಂಡು ಹಿಡೀರಿ ಹಿಡೀರಿ ಅಂತ ಫೋನ್ ಮಾಡೋ ನಾವು.

2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ಭಾಗದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹುಲಿ ದಾಳಿಗೆ ಮೂವರು ಬಲಿಯಾದರು. ಸರ್ಕಾರ ನಾಗರಹೊಳೆ, ಬಂಡೀಪುರದ ಸಫಾರಿ ನಿಲ್ಲಿಸಿತು. ನಮ್ಮ ಅದೇ ವಾಟ್ಸಾಪ್ ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ, ಬುಕಿಂಗ್ ದುಡ್ಡು ವಾಪಸ್ ಬರುತ್ತಾ ಅಂತ. ಕೇಳಿದವರು ಕೆಟ್ಟವರಲ್ಲ, ಒಳ್ಳೇ ಮನುಷ್ಯರೇ. ಹುಲಿ ಅವರ ಬದುಕಿಗೆ ತಾಗೋದು ಅಷ್ಟು ಮಾತ್ರ, ಅದಕ್ಕೇ ಅಷ್ಟು ಮಾತ್ರ ಕೇಳಿದರು.

ಹುಲಿ ನಮ್ಮನ್ನ ಇನ್ನೊಂದು ಕಡೆಯಿಂದ ತಾಗುತ್ತೆ, ಅದು ನಮಗೆ ಕಾಣೋದಿಲ್ಲ. ನಮ್ಮ ನಲ್ಲಿಯಲ್ಲಿ ಬರೋದು ಕಾವೇರಿ ನೀರು, ಮಳವಳ್ಳಿ ಹತ್ತಿರದ ತೊರೆಕಾಡನಹಳ್ಳಿಯಿಂದ ಪಂಪಾಗಿ ನೂರು ಕಿಲೋಮೀಟರು ಬರುತ್ತೆ. ಆ ಕಾವೇರಿಗೆ ತಿರುಮಕೂಡಲಿನಲ್ಲಿ ಸೇರೋ ಕಬಿನಿ, ನಾಗರಹೊಳೆ ಒಂದು ಕಡೆ, ಬಂಡೀಪುರ ಒಂದು ಕಡೆ ಇಟ್ಟುಕೊಂಡು ಹರಿದು ಬರುತ್ತೆ. ಹುಲಿ ಇದೆ ಅಂತ ಆ ಕಾಡು ಉಳಿದಿದೆ. ಕಾಡು ಇದೆ ಅಂತ ಹೊಳೆ ಉಳಿದಿದೆ. ಅಂದ್ರೆ ಕಾಮಾಕ್ಷಿಪಾಳ್ಯದಲ್ಲಿ ಒಂದು ಬಿಂದಿಗೆ ನೀರು ಹಿಡಿಯೋನು ಹುಲಿಯ ಫಲಾನುಭವಿ. ಫಲ ನನಗೆ, ಬಿಲ್ಲು ಅವರಿಗೆ.

ಹಾಗಾದರೆ ನಷ್ಟ ಹೊರೋರೇ ಒಡೆಯರು, ಅವರು ಏನು ಬೇಕಾದರೂ ಮಾಡಬಹುದು ಅಂತ ನಾನು ಹೇಳ್ತಿದ್ದೀನಾ? ಇಲ್ಲ. ನಮ್ಮ ಲೇತ್ ಹಿರಿಯರೇ ಮೊದಲು ಹೇಳಿದ್ದು, ಇಸ ಇಕ್ಕಿದ್ದು ತಪ್ಪು ಅಂತ. ಆ ಮರಿಗಳಿಗೆ ತಮ್ಮದೇ ಆದ ಒಂದು ಹಕ್ಕಿತ್ತು. ಅದು ನಾನು ಕೊಟ್ಟಿದ್ದಲ್ಲ, ಹನೂರಿನವರು ಕೊಟ್ಟಿದ್ದೂ ಅಲ್ಲ. ಹುಲಿ ಕೊನೆಗೆ ಹುಲಿಯದ್ದೇ. ನೋವು ಅನುಭವಿಸಿದವರಿಗೆ ಮಾತಾಡೋ ಹಕ್ಕು ಬರುತ್ತೆ, ಕೊಲ್ಲೋ ಹಕ್ಕು ಬರೋದಿಲ್ಲ. ಹಾಗೇ, ಮೆಚ್ಚಿದವರಿಗೆ ಮೆಚ್ಚೋ ಹಕ್ಕು ಇದೆ, ಬೇರೆಯವರ ಕೊಟ್ಟಿಗೆಯಿಂದ ದಾನ ಮಾಡೋ ಹಕ್ಕು ಇಲ್ಲ.

ದುಡ್ಡು ಕೊಟ್ಟರೆ ಮುಗೀತಲ್ಲ, ಪರಿಹಾರ ಇದೆಯಲ್ಲ ಅಂತ ನೀವು ಕೇಳಬಹುದು. ಪರಿಹಾರ ಬೇಕೇ ಬೇಕು. ಬೇಗ ಸಿಗಬೇಕು, ಕಚೇರಿಯಿಂದ ಕಚೇರಿಗೆ ಅಲೆಸದೆ ಸಿಗಬೇಕು. ಹಾಲು ಕೊಡೋ ಹಸು ಸತ್ತ ಮನೆಗೆ ಆರು ತಿಂಗಳು ಬಿಟ್ಟು ಬರೋ ಚೆಕ್ಕು ಆರು ತಿಂಗಳ ಹಾಲಿನ ದುಡ್ಡನ್ನ ತರೋದಿಲ್ಲ. ಆದರೆ ಬರೀ ಹಣದಿಂದ ನಮ್ದು ಅನ್ನೋದು ಹುಟ್ಟಲ್ಲ. “ನಮ್ಮುನ್ನ ಒಂದ್ ಮಾತ್ ಕೇಳೋರು” ಅಂದರಲ್ಲ, ಅದು ದುಡ್ಡಿನ ಮಾತಲ್ಲ.

ಕೇಳಿ ಮಾಡಿದರೆ ಏನಾಗುತ್ತೆ, ಕೇಳದೆ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಎರಡು ಉದಾಹರಣೆ ಇದೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳವರು ರಸ್ತೆ, ಶಾಲೆ, ಆಸ್ಪತ್ರೆ ಇಲ್ಲದೆ ಬೇಸತ್ತಿದ್ದರು. 2000ದ ದಶಕದ ಶುರುವಿನಲ್ಲಿ ಅವರಿಗೆ ತರೀಕೆರೆ ಕಡೆಯ ಎಂ.ಸಿ. ಹಳ್ಳಿಯಂಥ ಕಡೆ ಜಮೀನು, ಮನೆ ಜಾಗ ಕೊಟ್ಟು ಸ್ಥಳಾಂತರ ಮಾಡಿದರು. ಎಲ್ಲರಿಗೂ ಸಮಾಧಾನ ಆಯಿತು ಅಂತಲ್ಲ, ಆದರೂ ದೇಶದಲ್ಲಿ ಒಳ್ಳೇ ರೀತಿ ನಡೆದ ಸ್ಥಳಾಂತರ ಅಂತ ಹೇಳುವಾಗ ಇವತ್ತಿಗೂ ಭದ್ರಾದ ಹೆಸರು ಬರುತ್ತೆ. ಇನ್ನೊಂದು ನಾಗರಹೊಳೆ. ಅಲ್ಲಿನ ಜೇನು ಕುರುಬರು ಹುಲಿಯ ಜೊತೆಗೇ ಬದುಕಿದವರು, ಕಾಡಿನ ಪ್ರಾಣಿಗಳನ್ನ ತಮ್ಮ ದೇವರುಗಳ ಸಾಲಿನಲ್ಲಿ ಇಟ್ಟವರು. ಹಿಂದೆ ಅವರನ್ನ ಹೊರಗೆ ಹಾಕಿದ್ದರು. 2025ರ ಮೇ ತಿಂಗಳಲ್ಲಿ ಕರಡಿಕಲ್ಲಿನ ಹಲವು ಕುಟುಂಬಗಳು, 2006ರ ಅರಣ್ಯ ಹಕ್ಕು ಕಾಯ್ದೆಯ ಹೆಸರು ಹೇಳಿ, ತಮ್ಮ 'ಹಾಡಿ'ಯ ಜಾಗಕ್ಕೆ ವಾಪಸ್ ಹೋಗಿ ಗುಡಿಸಲು ಕಟ್ಟಿದರು. ಹುಲಿಯನ್ನ ನಿಜಕ್ಕೂ ನಮ್ಮದು ಅನ್ನಬಹುದಾಗಿದ್ದವರನ್ನ ಬೇಲಿಯ ಆಚೆ ನಿಲ್ಲಿಸಿ, ಸಫಾರಿ ಜೀಪಿಗೆ ಗೇಟು ತೆಗೆದಿದ್ದೀವಿ. ಕಾಡಿನೊಳಗೆ ಯಾರು ಎಷ್ಟು ಇರಬಹುದು ಅನ್ನೋದು ಕಷ್ಟದ ಪ್ರಶ್ನೆ, ತಿಳಿದವರೇ ಜಗಳ ಆಡ್ತಾರೆ, ನಾನು ಅದನ್ನ ಇಲ್ಲಿ ಬಗೆಹರಿಸಲ್ಲ. ಜೀಪು ಒಳಗೆ, ಹಾಡಿ ಹೊರಗೆ ಅನ್ನೋದು ಸರಿ ಅಂತ ನನಗೆ ಯಾರಾದರೂ ವಿವರಿಸಿ ಹೇಳಲಿ ಅಂತ ಮಾತ್ರ ಕಾಯ್ತಿದ್ದೀನಿ.

ನಮ್ಮದು ಅನ್ನೋ ಪದದಲ್ಲಿ ಒಡೆತನವೂ ಇದೆ, ಹೆಮ್ಮೆಯೂ ಇದೆ, ಹೊಣೆಯೂ ಇದೆ. ಸಿಂಹದ ವಿಷಯದಲ್ಲಿ ಒಡೆತನ ಮುಂದೆ ಬಂದು ಕೂತಿದೆ, ಹುಲಿಯ ವಿಷಯದಲ್ಲಿ ಹೆಮ್ಮೆ. ಹೊಣೆಯ ಭಾಗವನ್ನ ಮಾತ್ರ ಎರಡೂ ಕಡೆ ಬಡವರಿಗೆ ಬಿಟ್ಟಿದ್ದೀವಿ. ಹೊಣೆ ಹೊರದೆ ನಮ್ಮ ಹುಲಿ ಅನ್ನೋದು, ಬೇರೆಯವರ ಮನೆ ಮದುವೆಯಲ್ಲಿ ನಿಂತು ನಮ್ಮನೇ ಊಟ ಹೆಂಗಿದೆ ಅಂತ ಕೇಳಿದ ಹಾಗೆ.

ಮುಂದಿನ ಗಣತಿಯ ಅಂಕಿ ಬಂದಾಗ ಕರ್ನಾಟಕ ಮೊದಲನೇದೋ ಎರಡನೇದೋ ಅಂತ ನಾನೂ ನೋಡ್ತೀನಿ, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಕೇಳೋಣ ಅಂತ ನನ್ನ ಸಲಹೆ. ಆ ವರ್ಷ ಸತ್ತ ಹಸು ಎಷ್ಟು, ಮನುಷ್ಯರು ಎಷ್ಟು, ಪರಿಹಾರ ಎಷ್ಟು ದಿನದಲ್ಲಿ ಕೈಗೆ ಬಂತು, ಕಾಡು ಕಾಯೋರ ಸಂಬಳ ಎಷ್ಟು ತಿಂಗಳದ್ದು ಬಾಕಿ ಇದೆ. ಈ ನಾಲ್ಕು ಅಂಕಿಯನ್ನ ಹುಲಿ ಸಂಖ್ಯೆಯ ಪಕ್ಕದಲ್ಲೇ, ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ ಅಂತ ಬೆಂಗಳೂರಿನಿಂದ ಕೇಳೋರು ಒಂದು ಸಾವಿರ ಜನ ಆದರೆ, ಅದು ದೀಪದ ಚಿತ್ರ ಕಳಿಸೋದಕ್ಕಿಂತ ಹೆಚ್ಚಿನ ಕೆಲಸ. ಕೇಳೋಕೆ ದುಡ್ಡೂ ಬೇಕಿಲ್ಲ. ನೀರಿನ ಬಿಲ್ಲು ಕಟ್ಟೋ ಪ್ರತಿಯೊಬ್ಬರಿಗೂ ಅದನ್ನ ಕೇಳೋ ಅಧಿಕಾರ ಇದೆ.